ಹದಿನೇಳನೆಯ ಸಾಲು

ಬೆಂಗಳೂರು
೪ ನವೆಂಬರ್ ೧೯೭೫

ಜಯಕ್ಕನವರಿಗೆ ಯತ್ತಪ್ಪನ ನಮಸ್ಕಾರಗಳು.

ಅಕ್ಷರದ ಗುರುತು ಹಿಡಿದು ಕಾಗದ ಹರಿದು ಹಾಕದೆ ಇಲ್ಲಿಯವರೆಗೆ ಬಂದಿದ್ದರೆ, ಮುಂದಕ್ಕೂ ಓದಿ. ಆರು ವರ್ಷದಲ್ಲಿ ನೀವು ಎರಡು ಪತ್ರ ಬರೆದಿರಿ. ಎರಡಕ್ಕೂ ನಾನು ಉತ್ತರ ಕೊಡಲಿಲ್ಲ. ಅದರ ಕಾರಣ ಹೇಳಲು ಕೂತರೆ ಕೆಲಸದ ಮಾತು ಹಿಂದೆ ಬೀಳುತ್ತದೆ. ಹಾಗಾಗಿ ಕೆಲಸದ ಮಾತೇ ಮೊದಲು.

ನಾನೀಗ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿದ್ದೇನೆ. ರೋಗಿಗಳನ್ನು ನೋಡುವುದು ಕಡಿಮೆ, ಕಾಗದ ನೋಡುವುದು ಹೆಚ್ಚು. ನಮ್ಮ ಪ್ರೊಫೆಸರರು ಧನುರ್ವಾಯುವಿನ ಬಗ್ಗೆ ಒಂದು ಕೆಲಸ ಹಿಡಿದಿದ್ದಾರೆ. ಸೀರಂ ಎಷ್ಟು ಕೊಡಬೇಕು ಎಂಬ ಹಳೆಯ ಜಗಳ ನಿಮಗೆ ಗೊತ್ತೇ ಇದೆ. ದೊಡ್ಡ ಡೋಸೇ ಬೇಕು ಎನ್ನುವವರು ಕೆಲವರು, ಅದರ ಐದನೇ ಒಂದು ಪಾಲು ಸಾಕು ಎನ್ನುವವರು ಕೆಲವರು. ಒಂದೊಂದು ಆಸ್ಪತ್ರೆಯೂ ತನ್ನ ಇಪ್ಪತ್ತು ಮೂವತ್ತು ರೋಗಿಗಳನ್ನು ತೋರಿಸಿ ತಾನೇ ಸರಿ ಎನ್ನುತ್ತದೆ. ಇಪ್ಪತ್ತು ಜನರಲ್ಲಿ ಅದೃಷ್ಟದ ಆಟವೂ ಸೇರಿರುತ್ತದೆ. ಅದಕ್ಕೇ ಎಲ್ಲ ಆಸ್ಪತ್ರೆಗಳ ಲೆಕ್ಕ ತಂದು ಒಂದೇ ಪಟ್ಟಿಯಲ್ಲಿ ಕೂಡಿಸಿ, ಯಾವ ಚಿಕಿತ್ಸೆಯಿಂದ ಹೆಚ್ಚು ಜನ ಉಳಿದರು ಎಂದು ನೋಡುತ್ತಿದ್ದೇವೆ. ನಿಮ್ಮ ಬಬ್ಬೂರು ಫಾರಂನಲ್ಲಿ ಒಂದೇ ಹೊಲ ನೋಡಿ ಬೀಜ ಒಳ್ಳೆಯದು ಎನ್ನುವುದಿಲ್ಲವಲ್ಲ, ನಾಲ್ಕು ಕಡೆ ಬಿತ್ತಿ ನೋಡುತ್ತಾರೆ. ಇದೂ ಹಾಗೆಯೇ.

ಚಿತ್ರದುರ್ಗ ಮತ್ತು ಹೊಳಲ್ಕೆರೆಯಲ್ಲಿ ಕೊಟ್ಟಿದ್ದು ದೊಡ್ಡ ಡೋಸು. ಹೊಸದುರ್ಗದಲ್ಲಿ ಚಿಕ್ಕದು. ಮೂರೂ ಕಡೆಯ ಲೆಕ್ಕ ಕೈಗೆ ಬಂದಿದೆ. ಉಳಿದದ್ದು ಹಿರಿಯೂರಿನ ನಮ್ಮ ಧರ್ಮಾಸ್ಪತ್ರೆ ಒಂದೇ. ಅದು ಮುಚ್ಚಿದಾಗ ವಾರ್ಡಿನ ರಿಜಿಸ್ಟರನ್ನು ನೀವು ಮನೆಗೆ ಒಯ್ದಿರಿ ಎಂದು ಕೇಳಿದ್ದೇನೆ. ಧನುರ್ವಾಯುವಿಗೆ ನಾವು ಚಿಕ್ಕ ಡೋಸು ಕೊಟ್ಟವರು ಒಟ್ಟು ಎಷ್ಟು, ಸತ್ತವರು ಎಷ್ಟು, ಇವೆರಡು ಅಂಕಿ ಸಾಕು. ಹೆಸರುಗಳು ಬೇಡ.

ನಿಮ್ಮ ಮೊಣಕಾಲು ನೋವು ಹೇಗಿದೆ?

ಇಂತಿ,
ಯತ್ತಪ್ಪ


ಬಬ್ಬೂರು
೧೯ ನವೆಂಬರ್ ೧೯೭೫

ಡಾಕ್ಟರ್ ಯತ್ತಪ್ಪನವರಿಗೆ,

ಕಾಗದ ಹರಿಯಲಿಲ್ಲ. ಹರಿಯಬೇಕು ಅಂತಲೇ ಇದ್ದೆ, ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಸಿಟ್ಟು ಇಳಿದುಹೋಯಿತು. ಆರು ವರ್ಷಕ್ಕೆ ಒಂದು ಕಾಗದ, ಅದರಲ್ಲಿ ನನ್ನ ಮೊಣಕಾಲಿಗೆ ಒಂದು ಸಾಲು. ಮೊಣಕಾಲು ನಡೆಯುತ್ತಿದೆ.

ರಿಜಿಸ್ಟರ್ ನನ್ನ ಹತ್ತಿರವೇ ಇದೆ. ಆಸ್ಪತ್ರೆ ಮುಚ್ಚಿದ ದಿನ ಬೆಂಚು, ಮಂಚ, ಗಡಿಯಾರ ಎಲ್ಲವನ್ನೂ ಯಾರ್ಯಾರೋ ಹೊತ್ತುಕೊಂಡು ಹೋದರು. ಇದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೇಲಿನ ರಟ್ಟನ್ನು ಗೆದ್ದಲು ತಿಂದಿದೆ, ಒಳಗಿನ ಹಾಳೆಗಳು ಚೆನ್ನಾಗಿವೆ.

೧೯೬೮ರಿಂದ ೧೯೭೧ರವರೆಗೆ ಧನುರ್ವಾಯುವಿನವರು ಒಟ್ಟು ೪೧. ಎಲ್ಲರಿಗೂ ಚಿಕ್ಕ ಡೋಸೇ. ವಾರ್ಡಿನಲ್ಲಿ ಸತ್ತವರು ೯.

ಎರಡು ಅಂಕಿ ಕೇಳಿದಿರಿ, ಎರಡು ಅಂಕಿ ಕೊಟ್ಟಿದ್ದೇನೆ. ಇನ್ನೇನಾದರೂ ಬೇಕಿದ್ದರೆ ಕೇಳಬೇಕಾದವರು ನೀವು.

ಆ ವಾರ್ಡು ಬಿಟ್ಟು ನಾಲ್ಕು ವರ್ಷ ಆಯಿತು. ಈಗಲೂ ಮನೆಯಲ್ಲಿ ಯಾರಾದರೂ ತಟ್ಟೆ ಬೀಳಿಸಿದರೆ ನನ್ನ ಮೈ ಬೆವರುತ್ತದೆ. ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಬರಿಗಾಲಲ್ಲಿ ಓಡಾಡುತ್ತಿದ್ದೆವಲ್ಲ. ಒಂದು ಚಮಚ ಸದ್ದಾದರೆ ಸಾಕು, ಮಲಗಿದವರು ಬಿಲ್ಲಿನ ಹಾಗೆ ಬಾಗಿಬಿಡುತ್ತಿದ್ದರು. ನನ್ನ ತಂಗಿ ನನಗೆ ಬೈಯುತ್ತಾಳೆ, ಅಕ್ಕ ನೀನು ಮನೆಯಲ್ಲಿ ಬೆಕ್ಕಿನ ಹಾಗೆ ನಡೆಯುತ್ತೀಯ, ಬಂದಿದ್ದೇ ಗೊತ್ತಾಗುವುದಿಲ್ಲ ಎಂದು.

ಹೋದ ತಿಂಗಳು ನಿಮ್ಮ ಅವ್ವ ಓಬವ್ವ ಯಲ್ಲದಕೆರೆಯಿಂದ ಬಂದಿದ್ದರು. ಎರಡು ಕಣ್ಣಿಗೂ ಪೊರೆ ಬಂದಿದೆ. ನಿಮ್ಮ ಹೆಸರು ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಬೆಂಗ್ಳೂರಾಗೆ ಚಳಿ ಜಾಸ್ತಿ ಅಂತಾರಲ್ಲವ್ವಾ" ಎಂದರು. ನಾನು ಹೌದು ಎಂದೆ.

ಜಯಮ್ಮ, ನಿವೃತ್ತ ನರ್ಸ್


ಬೆಂಗಳೂರು
೬ ಡಿಸೆಂಬರ್ ೧೯೭೫

ಜಯಕ್ಕ,

ನಿಮ್ಮ ಕಾಗದ ಬಂದ ದಿನವೇ ಕೂಡಿದೆ. ಮತ್ತೆ ಮೂರು ಸಲ ಕೂಡಿದೆ. ನಿಮಗೆ ಬಿಡಿಸಿ ಹೇಳುತ್ತೇನೆ, ಕೇಳಿ. ದೊಡ್ಡ ಡೋಸು ಕೊಟ್ಟ ಚಿತ್ರದುರ್ಗ, ಹೊಳಲ್ಕೆರೆ ಸೇರಿ ಅರವತ್ತು ಜನ. ಅದರಲ್ಲಿ ಮೂವತ್ತು ಜನ ಸತ್ತಿದ್ದಾರೆ, ಸರಿಯಾಗಿ ಅರ್ಧ. ಚಿಕ್ಕ ಡೋಸಿನವರು ಹೊಸದುರ್ಗದಲ್ಲಿ ಇಪ್ಪತ್ತೆರಡು, ಅದರಲ್ಲಿ ಹನ್ನೊಂದು ಸಾವು. ಇಷ್ಟೇ ಇದ್ದರೆ ಎರಡೂ ಒಂದೇ ಎನ್ನಬೇಕಿತ್ತು. ಆದರೆ ನಮ್ಮ ಹಿರಿಯೂರು ಬಂದು ಸೇರಿದ ಕೂಡಲೇ ಚಿಕ್ಕ ಡೋಸಿನ ಅರವತ್ತಮೂರು ಜನರಲ್ಲಿ ಸತ್ತವರು ಇಪ್ಪತ್ತೇ! ಮೂರರಲ್ಲಿ ಒಂದು ಪಾಲೂ ಇಲ್ಲ.

ಪ್ರೊಫೆಸರರಿಗೆ ತೋರಿಸಿದೆ. ಕುರ್ಚಿಯಿಂದ ಎದ್ದು ಬಂದು ಬೆನ್ನು ತಟ್ಟಿದರು. ಮಾರ್ಚ್ ಇಪ್ಪತ್ತಕ್ಕೆ ಇಲಾಖೆಯ ದೊಡ್ಡವರ ಸಭೆ ಇದೆ. ಅಲ್ಲಿ ಈ ಪಟ್ಟಿ ಮಂಡಿಸುತ್ತಾರೆ. ಒಪ್ಪಿಗೆಯಾದರೆ, ಧನುರ್ವಾಯುವಿಗೆ ಚಿಕ್ಕ ಡೋಸೇ ಕೊಡತಕ್ಕದ್ದು ಎಂದು ಎಲ್ಲ ತಾಲ್ಲೂಕುಗಳಿಗೂ ಸುತ್ತೋಲೆ ಹೋಗುತ್ತದೆ.

ಇನ್ನು ಒಂದು ಮಾತು. ಇದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ, ಆ ದಿನ ನನ್ನ ಪಕ್ಕ ನಿಂತಿದ್ದವರು ನೀವೊಬ್ಬರೇ. ನನ್ನ ತಮ್ಮ ಅಜ್ಜಪ್ಪನ ಕಾಲಿಗೆ ಜಾಲಿ ಮುಳ್ಳು ಹೊಕ್ಕು, ದವಡೆ ಕಚ್ಚಿಕೊಂಡು ಬಂದ ದಿನ, ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಸೀಸೆ ಸೀರಂ ಇತ್ತು. ಒಂದು ಸೀಸೆ ಹಾಕಿದ್ದೆ. ಅಪ್ಪ ನನ್ನ ತೋಳು ಹಿಡಿದು, "ಅದನ್ನೂ ಹಾಕಲೇ, ನಿನ್ನ ತಮ್ಮ ಕಣಲೇ" ಎಂದ. ಎಲ್ಲರಿಗೂ ಎಷ್ಟೋ ಇವನಿಗೂ ಅಷ್ಟೇ ಎಂದು ನಾನು ಪೆಟ್ಟಿಗೆ ಮುಚ್ಚಿದೆ. ಆಮೇಲೆ ಎಲ್ಲಿಗೆ ಹೋದರೂ ಆ ಮುಚ್ಚಳದ ಸದ್ದು ನನ್ನ ಹಿಂದೆಯೇ ಬಂತು. ಅಪ್ಪ ತೀರಿಕೊಂಡಾಗ ಹಟ್ಟಿಗೆ ಹೋದವನು ಒಂದು ದಿನವೂ ನಿಲ್ಲಲಾರದೆ ಬಂದುಬಿಟ್ಟೆ.

ಈಗ ನಾಲ್ಕು ಊರಿನ ಲೆಕ್ಕ ಒಟ್ಟಾಗಿ ಹೇಳುತ್ತಿದೆ, ನಾನು ಕೊಟ್ಟಿದ್ದೇ ಸರಿಯಾದ ಚಿಕಿತ್ಸೆ ಎಂದು. ಈ ವಾರ ಚೆನ್ನಾಗಿ ನಿದ್ದೆ ಮಾಡಿದ್ದೇನೆ ಜಯಕ್ಕ.

ಇಂತಿ ನಿಮ್ಮ,
ಯತ್ತಪ್ಪ


ಬಬ್ಬೂರು
೧೫ ಡಿಸೆಂಬರ್ ೧೯೭೫

ಯತ್ತಪ್ಪ,

ಇನ್ನು ನಿನ್ನನ್ನು ನೀವು ಎನ್ನಲು ನನ್ನಿಂದ ಆಗುವುದಿಲ್ಲ. ಬೇಜಾರಾದರೆ ಆಗಲಿ.

ನಲವತ್ತೊಂದರಲ್ಲಿ ಒಂಬತ್ತು ಕಳೆದು ಮೂವತ್ತೆರಡು ಜನ ಉಳಿದರು ಎಂದು ಬರೆದುಕೊಂಡೆಯಾ? ಕೇಳು. ಕಾಲಲ್ಲಿ ನಡೆದು ಮನೆಗೆ ಹೋದವರು ಹದಿನೆಂಟು. ಮನೆಯವರು ಬಂದು ಎತ್ತಿಕೊಂಡು ಹೋದವರು ಹದಿನಾಲ್ಕು. ಹಟ್ಟಿಯವರು ಯಾಕೆ ಎತ್ತಿಕೊಂಡು ಹೋಗುತ್ತಿದ್ದರು ಎಂದು ಹಟ್ಟಿಯಲ್ಲಿ ಹುಟ್ಟಿದವನಿಗೆ ನಾನು ಹೇಳಬೇಕೇ? ಹೊರಗೆ ಸತ್ತ ಹೆಣ ಬೇಲಿಯೊಳಗೆ ಬರುವ ಹಾಗಿಲ್ಲ. ಹಿರಿಯರ ಮಗ್ಗುಲಲ್ಲಿ ಮಣ್ಣು ಸಿಗುವುದಿಲ್ಲ. ಅದಕ್ಕೇ ಇನ್ನು ಆಗುವುದಿಲ್ಲ ಎಂದು ಗೊತ್ತಾದ ತಕ್ಷಣ, ಉಸಿರಿರುವಾಗಲೇ ಗಾಡಿ ಕಟ್ಟುತ್ತಿದ್ದರು. ನಾವೂ ಬೇಡ ಎನ್ನುತ್ತಿರಲಿಲ್ಲ. ದುರ್ಗದ ಪೇಟೆಯ ರೋಗಿ ವಾರ್ಡಿನಲ್ಲೇ ಸಾಯುತ್ತಾನೆ, ಲೆಕ್ಕಕ್ಕೆ ಸಿಗುತ್ತಾನೆ. ನಮ್ಮವರು ಸಾಯಲು ಊರಿಗೆ ಹೋದರು, ನೀನು ಅವರನ್ನು ಬದುಕಿಸಿಬಿಟ್ಟೆ.

ನಿಮ್ಮಪ್ಪ ಚಿತ್ತಪ್ಪ ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಲ್ಲುತ್ತಿದ್ದದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಎಣಿಸುವುದಿಲ್ಲವೇ ಎಂದು ಕೇಳಿದೆ. ಒಳಗೆ ಬಂದಿದ್ದನ್ನು ಎಣಿಸಿ ಏನು ಮಾಡಲಿ ತಾಯಿ, ಬರದೆ ಇರುವುದು ಯಾವುದು ಎಂದು ನೋಡುತ್ತಿದ್ದೇನೆ ಎಂದರು. ಅವರ ಮಗ ನೀನು.

ಮೊದಲ ಕಾಗದದಲ್ಲೇ ಇದನ್ನು ಬರೆಯಬಹುದಿತ್ತು. ಹೆಸರು ಬೇಡ ಎಂದೆಯಲ್ಲ, ಆ ಮಾತಿಗೆ ಸಿಟ್ಟು ಬಂತು. ನೀನಾಗಿಯೇ ಕೇಳಲಿ ಎಂದು ಬಿಟ್ಟೆ. ಅದು ನನ್ನ ತಪ್ಪು.

ಈಗ ಹದಿನೇಳನೆಯ ಸಾಲು ಓದುತ್ತೇನೆ. ಅಜ್ಜಪ್ಪ, ಹತ್ತೊಂಬತ್ತು ವರ್ಷ, ಯಲ್ಲದಕೆರೆ ಹಟ್ಟಿ. ಕೊನೆಯ ಕಾಲಮಿನಲ್ಲಿ "ಮನೆಯವರ ಕೋರಿಕೆಯಂತೆ ಕಳಿಸಿದೆ" ಎಂದಿದೆ. ಆ ಅಕ್ಷರ ನನ್ನದಲ್ಲ, ನಿನ್ನದು.

ನಿನ್ನ ಪಟ್ಟಿಯಲ್ಲಿ ನಿನ್ನ ತಮ್ಮ ಬದುಕಿದ್ದಾನೆ ಯತ್ತಪ್ಪ. ಒಂದು ಸಲ ಕೂಗಿ ನೋಡು, ಓ ಎನ್ನುತ್ತಾನೇನೋ.

ಜಯಕ್ಕ


ಬೆಂಗಳೂರು
೨೩ ಜನವರಿ ೧೯೭೬

ಜಯಕ್ಕ,

ನಿಮ್ಮ ಕಾಗದವನ್ನು ಒಂದು ತಿಂಗಳು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ. ಮರೆತೆ ಎಂದು ಸುಳ್ಳು ಹೇಳುವುದಿಲ್ಲ.

ನನಗೆ ಗೊತ್ತಿತ್ತು. ಒಂಬತ್ತು ಎಂಬ ಅಂಕಿ ಓದಿದ ಕ್ಷಣವೇ ಅನುಮಾನ ಬಂದಿತ್ತು. ಹಿರಿಯೂರು ಬೇರೆ ಊರುಗಳಿಗಿಂತ ಅಷ್ಟು ಚೆನ್ನಾಗಿರಲು ಕಾರಣವೇ ಇರಲಿಲ್ಲ. ಕಪ್ಪು ಬಟ್ಟೆ ಬಿಟ್ಟರೆ ನಮ್ಮಲ್ಲಿ ಏನಿತ್ತು? ಬೇರೆ ಯಾರಾದರೂ ಇಂಥ ಅಂಕಿ ತಂದಿದ್ದರೆ ಬದುಕಿ ಉಳಿದವರೆಲ್ಲ ಎಲ್ಲಿದ್ದಾರಪ್ಪಾ ಎಂದು ಮೊದಲು ಕೇಳುತ್ತಿದ್ದವನೇ ನಾನು. ಈ ಲೆಕ್ಕವನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಅಜ್ಜಪ್ಪ ಎದ್ದು ಬರುತ್ತಾನೆಂದು ಹೆದರಿದ್ದೆ.

ಈಗ ಕೇಳದೆಯೂ ಬರುತ್ತಾನೆ. ಹಾಡುಹಗಲೇ ಲೈಬ್ರರಿಯಲ್ಲಿ ಕೂತು ಕೂಡುವಾಗ ಎದುರಿನ ಕುರ್ಚಿಯಲ್ಲಿ ಇರುತ್ತಾನೆ. ಆ ಕಾಯಿಲೆ ಮುಖದ ಮೇಲೆ ತರುತ್ತದಲ್ಲ ಒಂದು ನಗು, ಹಲ್ಲು ಕಚ್ಚಿದ ನಗು, ಅದೇ ಮುಖ. ಮಾತಾಡುವುದಿಲ್ಲ. ಮಾತಾಡಲು ದವಡೆ ಬಿಚ್ಚಬೇಕಲ್ಲ. ಹಾಳೆ ಮಗುಚಿದ ಸದ್ದಾದರೆ ಅವನಿಗೆ ಸೆಳೆತ ಬಂದೀತೆಂದು ಮೆಲ್ಲಗೆ ಮಗುಚುತ್ತೇನೆ. ನನಗೆ ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡಿ, ಕೆಲಸವನ್ನೆಲ್ಲ ಸರಿಯಾಗಿಯೇ ಮಾಡುತ್ತಿದ್ದೇನೆ.

ಪ್ರೊಫೆಸರರಿಗೆ ಇನ್ನೂ ಹೇಳಿಲ್ಲ. ಏನೆಂದು ಹೇಳಲಿ? ಹದಿನಾಲ್ಕು ಜನರಲ್ಲಿ ಒಬ್ಬ ಸತ್ತದ್ದು ಮಾತ್ರ ನನಗೆ ಗೊತ್ತು. ಉಳಿದ ಹದಿಮೂರು ಜನ ಏನಾದರು ಎಂದು ತಿಳಿಯದೆ ಪಟ್ಟಿ ತಿದ್ದುವುದು ಹೇಗೆ? ತಿದ್ದದೆ ಬಿಟ್ಟರೆ ಸುತ್ತೋಲೆ ಹೊರಡುತ್ತದೆ. ಚಿಕ್ಕ ಡೋಸು ಸಾಲದು ಎಂಬುದೇ ನಿಜವಾಗಿದ್ದರೆ, ಎಲ್ಲ ತಾಲ್ಲೂಕುಗಳಲ್ಲೂ ನನ್ನಂಥವರು ಪೆಟ್ಟಿಗೆ ಮುಚ್ಚುತ್ತಾರೆ.

ಹೆಸರುಗಳನ್ನು ಕಳಿಸಿ ಜಯಕ್ಕ. ಹದಿನಾಲ್ಕೂ. ಪಂಚಾಯ್ತಿಗಳಿಗೆ ಕಾಗದ ಬರೆದು ವಿಚಾರಿಸುತ್ತೇನೆ. ಊರಿಗೆ ಬಾ ಎನ್ನಬೇಡಿ. ಅವ್ವನ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ.

ಯತ್ತಪ್ಪ


ಬಬ್ಬೂರು
೨೭ ಫೆಬ್ರವರಿ ೧೯೭೬

ತಮ್ಮ ಯತ್ತಪ್ಪನಿಗೆ ಜಯಕ್ಕನ ಆಶೀರ್ವಾದ.

ಪಂಚಾಯ್ತಿಗೆ ಕಾಗದ ಬರೆದರೆ ಉತ್ತರ ಬರುವುದು ನಿನ್ನ ಮೊಮ್ಮಕ್ಕಳ ಕಾಲಕ್ಕೆ. ನಾನೇ ಹೋಗಿ ಬಂದೆ. ಬಸ್ಸು ಇರುವಲ್ಲಿ ಬಸ್ಸು, ಇಲ್ಲದಲ್ಲಿ ನಡಿಗೆ. ನಾಲ್ಕು ವಾರ ಹಿಡಿಯಿತು. ಈಗ ಕಾಲಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಂಡು ಕೂತು ಬರೆಯುತ್ತಿದ್ದೇನೆ.

ಎಲ್ಲ ಹಟ್ಟಿಯಲ್ಲೂ ಒಂದೇ ರೀತಿ. ಮೊದಲು ಮಜ್ಜಿಗೆ ಕೊಡುತ್ತಾರೆ. ನಾನು ರಿಜಿಸ್ಟರ್ ಬಿಚ್ಚಿ ಹೆಸರು ಓದುತ್ತೇನೆ. ಒಬ್ಬ ಮುದುಕಿ, "ಬಂದ, ನೀರು ಕುಡ್ದ, ಹೋದ" ಎಂದಳು. ಮಗನ ವಿಷಯ ಅವಳು ಹೇಳಿದ್ದು ಇಷ್ಟೇ. ಇನ್ನೊಂದು ಕಡೆ ಹೆಂಡತಿ ಎದ್ದು ಒಳಗೆ ಹೋಗಿ, ನಾವು ಅವನಿಗೆ ಕಟ್ಟಿದ್ದ ಬ್ಯಾಂಡೇಜಿನ ಬಟ್ಟೆಯನ್ನು ಒಗೆದು ಮಡಿಸಿಟ್ಟಿದ್ದನ್ನು ತಂದು ನನ್ನ ಕೈಗೆ ಕೊಟ್ಟಳು, ಆಸ್ಪತ್ರೆಯದು, ತಗೊಂಡು ಹೋಗಿ ಎಂದು. ತಂದಿದ್ದೇನೆ.

ಹದಿನಾಲ್ಕು ಜನರಲ್ಲಿ ಸತ್ತವರು ಹನ್ನೆರಡು, ಅಜ್ಜಪ್ಪನೂ ಸೇರಿ. ಒಬ್ಬನ ಸುದ್ದಿ ಸಿಗಲಿಲ್ಲ, ಅವನ ಮನೆಯವರು ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವರು ತಿರುಗಿ ಬಂದಿಲ್ಲ. ಇನ್ನೊಬ್ಬ, ಮಾರಪ್ಪ, ಬದುಕಿದ್ದಾನೆ! ಬಾಗಿಲಲ್ಲಿ ಕಂಬಳಿಯ ಅಂಚು ಹೊಲಿಯುತ್ತಾ ಕೂತಿದ್ದ. ನಾನು ಹೆಸರು ಓದಿದರೆ, "ನಾನೇ ಕಣಕ್ಕಾ, ನನ್ ಮುಂದೆ ಏನ್ ಬರ್ದೀರಿ?" ಎಂದು ನಕ್ಕ. ಬಾಯಿ ತುಂಬ ನಗು. ಆ ವಾರ್ಡಿನಿಂದ ಬಂದವನೊಬ್ಬ ಹೀಗೆ ನಗುವುದನ್ನು ನೋಡಿ ಅಲ್ಲೇ ಕೂತು ಅತ್ತುಬಿಟ್ಟೆ.

ಈಗ ಅಜ್ಜಪ್ಪನ ಮಾತು. ಅವತ್ತು ಗಾಡಿ ಹೊಡೆದ ಕಾಟಪ್ಪ ಸಿಕ್ಕಿದ್ದ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ. ನಿನಗೆ ತಿಳಿಸಲು ಒಪ್ಪಿದ್ದಾನೆ, ಬೇರೆ ಯಾರ ಕಿವಿಗೂ ಬೀಳಬಾರದು.

ಹಳ್ಳ ದಾಟುವಾಗಲೇ ನಿನ್ನ ತಮ್ಮನ ಉಸಿರು ನಿಂತಿತಂತೆ. ಹಟ್ಟಿ ಇನ್ನೂ ಆರು ಮೈಲಿ. ಕಾಟಪ್ಪ ಎತ್ತು ನಿಲ್ಲಿಸಲು ಹೋದರೆ ನಿಮ್ಮಪ್ಪ, "ನಿಲ್ಲಿಸ್ಬ್ಯಾಡ, ನನ್ ಮಗ ಮಲಗ್ಯವ್ನೆ" ಎಂದರಂತೆ. ಅಲ್ಲಿಂದ ಮಾತಾಡಿಸುತ್ತಲೇ ಬಂದರು. ಕರಿ ಟಗರು ಬೇಲಿ ಮುರಿದದ್ದು, ಯಾವ ಕುರಿ ಅವಳಿ ಮರಿ ಹಾಕಿತು, ಮಳೆ ಬಂದರೆ ಯಾವ ಕಡೆ ಮೇಯಿಸಬೇಕು. ಎದುರಿಗೆ ಜನ ಸಿಕ್ಕಾಗ, ಉತ್ತರ ಕೊಡು ಮಗನೇ ಎಂದು ಗದರುತ್ತಿದ್ದರಂತೆ. ಹಟ್ಟಿಯ ಬೇಲಿ ಹತ್ತಿರ ಎದ್ದು ನಿಂತು, "ಇನ್ನೂ ಉಸ್ರೈತೆ, ದಾರಿ ಬಿಡ್ರಿ" ಎಂದು ಕೂಗಿದರು. ಒಳಗೆ ಇಳಿಸಿದ ಮೇಲೆ, ಈಗ ಹೋದ ಎಂದರು. ಹಟ್ಟಿಯವರಿಗೆ ಗೊತ್ತಿಲ್ಲ. ಓಬವ್ವನಿಗೂ ಗೊತ್ತಿಲ್ಲ ಎನ್ನುತ್ತಾನೆ ಕಾಟಪ್ಪ.

ಆ ದಿನ ಗಾಡಿ ಹೊರಟ ಮೇಲೆ ನೀನು ಬಸ್‌ಸ್ಟ್ಯಾಂಡಿಗೆ ಹೋಗಿ ಬೆಂಗಳೂರಿನ ಬಸ್ಸು ಹತ್ತಿದೆ. ನಾನು ನಿನ್ನ ಮೇಲೆ ಸಿಟ್ಟಾದದ್ದು ಸೀಸೆಗಾಗಿ ಅಲ್ಲ, ಆ ಬಸ್ಸಿಗಾಗಿ. ಅದನ್ನು ಇವತ್ತು ಹೇಳಿಬಿಟ್ಟೆ.

ಜಯಕ್ಕ


ಬೆಂಗಳೂರು
೧೫ ಮಾರ್ಚ್ ೧೯೭೬

ಜಯಕ್ಕ,

ಪಟ್ಟಿ ತಿದ್ದಿದೆ. ಹಿರಿಯೂರಿನ ಸಾವು ಒಂಬತ್ತಲ್ಲ, ಇಪ್ಪತ್ತೊಂದು. ಚಿಕ್ಕ ಡೋಸಿನ ಅರವತ್ತಮೂರರಲ್ಲಿ ಈಗ ಮೂವತ್ತೆರಡು ಜನ ಸತ್ತವರು, ಒಬ್ಬನ ಸುದ್ದಿಯಿಲ್ಲ. ಎರಡು ಚಿಕಿತ್ಸೆಗಳೂ ಸಮ ಎನ್ನೋಣವೆಂದರೆ ಅದಕ್ಕೂ ಬಾಯಿ ಬರುವುದಿಲ್ಲ. ಉಳಿದ ಮೂರು ಆಸ್ಪತ್ರೆಗಳಿಗೆ ಬರೆದು ಕೇಳಿದೆ. ಅಲ್ಲೂ ಮನೆಗೆ ಎತ್ತಿಕೊಂಡು ಹೋದವರಿದ್ದಾರೆ, ಅವರ ಹಿಂದೆ ನಡೆದು ಹೋದ ಜಯಕ್ಕ ಇಲ್ಲ.

ಪ್ರೊಫೆಸರರು ಮೇಜು ಗುದ್ದಿದರು. ಆಮೇಲೆ ಸಭೆಯಿಂದ ಪಟ್ಟಿ ಹಿಂದಕ್ಕೆ ತೆಗೆದುಕೊಂಡರು. ಸುತ್ತೋಲೆ ಸದ್ಯಕ್ಕೆ ನಿಂತಿದೆ. ಮೂರೂ ಊರುಗಳಿಗೆ ಹೋಗಿ ಮನೆಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇನ್ನೊಂದು ವಿಷಯ ನನಗೆ ಈಗ ಅರ್ಥವಾಗುತ್ತಿದೆ. ಹುಡುಕಾಟ ಮುಗಿದು, ಲೆಕ್ಕ ತಪ್ಪಿಲ್ಲದೆ ಕೂಡಿ ಬಂದರೂ, ಅದು ಇನ್ನು ಮುಂದೆ ಬರುವ ನೂರು ಜನರಿಗೆ ಯಾವುದು ಒಳ್ಳೆಯದು ಎಂದು ಹೇಳೀತು. ಅಜ್ಜಪ್ಪನೊಬ್ಬನ ಮಾತು ಅದರಲ್ಲಿ ಸಿಗುವುದಿಲ್ಲ. ನಾನು ಅದನ್ನೇ ಅದರಿಂದ ಕೇಳುತ್ತಾ ಕೂತಿದ್ದೆ.

ಹೊಸ ಪಟ್ಟಿಯಲ್ಲಿ ಸತ್ತದ್ದು ಎಲ್ಲಿ ಎಂದು ಒಂದು ಕಾಲಮು ಹಾಕಿದ್ದೇನೆ. ವಾರ್ಡಿನಲ್ಲಿ, ದಾರಿಯಲ್ಲಿ, ಮನೆಯಲ್ಲಿ. ಹನ್ನೊಂದು ಜನರದ್ದು ತುಂಬಿದೆ. ಒಬ್ಬನದನ್ನು ಖಾಲಿ ಬಿಟ್ಟಿದ್ದೇನೆ. ಮುಂದಿನ ತಿಂಗಳು ಬರುತ್ತೇನೆ. ರಿಜಿಸ್ಟರ್ ತೆಗೆದಿಡಿ, ಹಟ್ಟಿಗೆ ಒಯ್ಯಬೇಕು.

ಯತ್ತಪ್ಪ


ಯಲ್ಲದಕೆರೆ ಹಟ್ಟಿ
೧೧ ಏಪ್ರಿಲ್ ೧೯೭೬

ಜಯಕ್ಕ,

ನಿಮ್ಮ ಮನೆಯಿಂದ ಹೊರಟವನು ಹಳ್ಳದ ಹತ್ತಿರ ಬಸ್ಸಿನಿಂದ ಇಳಿದು, ಅಲ್ಲಿಂದ ಆರು ಮೈಲಿ ನಡೆದೇ ಬಂದೆ. ದಾರಿಯುದ್ದಕ್ಕೂ ಏನಾದರೂ ಮಾತಾಡಬೇಕು ಎನಿಸಿತು. ನನಗೆ ಕುರಿಯ ಸುದ್ದಿ ಒಂದೂ ಗೊತ್ತಿರಲಿಲ್ಲ.

ಅವ್ವ ಬಾಗಿಲಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ಕಣ್ಣು ಕಾಣದೆ ಬೆರಳಲ್ಲೇ ಕಲ್ಲು ಹುಡುಕುತ್ತಾಳೆ. ಹೆಜ್ಜೆ ಕೇಳಿ ಯಾರು ಎನ್ನಲಿಲ್ಲ. ಕಾಲು ತೊಳ್ಕೊಂಡು ಒಳಗೆ ಬಾ ಎಂದಳು. ಮುದ್ದೆ ಉಂಡ ಮೇಲೆ, ಕಂಕುಳಲ್ಲಿ ಇಟ್ಟುಕೊಂಡು ಬಂದೆಯಲ್ಲ ಅದೇನು ಎಂದು ಕೇಳಿದಳು. ಹೇಳಿದೆ. ಓದು ಎಂದಳು. ಹನ್ನೆರಡು ಹೆಸರನ್ನೂ ಓದಿದೆ. ಒಂದೊಂದಕ್ಕೂ ಯಾವ ಹಟ್ಟಿ, ಯಾರ ಮಗ ಎಂದು ಕೇಳುತ್ತಾ ಹೋದಳು. ಅಜ್ಜಪ್ಪನ ಹೆಸರು ಬಂದಾಗ ಅವನು ಎಲ್ಲಿ ಸತ್ತನೆಂದು ಬರೆದಿದ್ದೀಯ ಎಂದಳು. ಮನೆಯಲ್ಲಿ ಎಂದು ಬರೆಯುತ್ತೇನೆ ಎಂದೆ.

"ದಾರೀಲಿ ಅಂತ ಬರಿ."

ಅವ್ವನ ಕೈ ಮತ್ತೆ ಹುರುಳಿಯ ಮೇಲಿತ್ತು. "ಮುಖ ತೊಳ್ಸಿದೋಳು ನಾನಲ್ವೇನಪ್ಪ? ಆಗ್ಲೇ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ನಿಮ್ಮಪ್ಪಂಗೆ ಮಾತಾಡಿ ಮಾತಾಡಿ ಗಂಟ್ಲೇ ಬಿದ್ದೋಗಿತ್ತು. ನಂಗೊತ್ತು ಅಂತ ಅವ್ರಿಗೆ ಹೆಂಗೆ ಹೇಳ್ಲಿ?" ಅಪ್ಪ ಬದುಕಿರುವವರೆಗೂ ಹೇಳಲಿಲ್ಲವಂತೆ. ಅಪ್ಪನೂ ಹೇಳಲಿಲ್ಲ. ಒಂದೇ ಒಲೆಯ ಮುಂದೆ ನಾಲ್ಕು ವರ್ಷ ಇಬ್ಬರೂ ಆ ಮಾತನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಂದರು.

ಆಮೇಲೆ ಸೀಸೆಯ ವಿಷಯ ನಾನೇ ಎತ್ತಿದೆ. ಪೆಟ್ಟಿಗೆಯಲ್ಲಿ ನಾಲ್ಕು ಉಳಿದಿತ್ತು, ಅಪ್ಪ ಕೇಳಿದ, ನಾನು ಮುಚ್ಚಿದೆ ಎಂದು ಒಂದೂ ಬಿಡದೆ ಹೇಳಿದೆ. ಅವಳಿಗೆ ಅದೂ ಗೊತ್ತಿತ್ತು.

"ಅದ್ನೂ ಹಾಕಿದ್ರೆ ಉಳೀತಿದ್ನಾ?"

ಎಷ್ಟು ವರ್ಷ ಎಷ್ಟು ಪುಸ್ತಕ ತಿರುವಿದೆ ಜಯಕ್ಕ, ಈ ಒಂದು ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವ ಉತ್ತರ ಹಿಡಿದುಕೊಂಡೇ ಬರಬೇಕೆಂದು.

"ಗೊತ್ತಿಲ್ಲವ್ವಾ," ಎಂದೆ.

ಅವ್ವ ನನ್ನ ಕಡೆ ಮುಖ ತಿರುಗಿಸಿದಳು. ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಹಿಡಿದುಕೊಂಡಳು.

"ಇಷ್ಟು ಹೇಳಕ್ಕೆ ಆರು ವರ್ಷ ಬೇಕಾಯ್ತೇನಪ್ಪ?"

ಆಮೇಲೆ ಹದಿನೇಳನೆಯ ಸಾಲಿನಲ್ಲಿ ನನ್ನ ಹಳೆಯ ಅಕ್ಷರದ ಮೇಲೆ ಗೆರೆ ಎಳೆದು, ದಾರಿಯಲ್ಲಿ ಎಂದು ಬರೆದೆ. ರಟ್ಟು ಮುಚ್ಚುವಾಗ ಅಭ್ಯಾಸಬಲದಿಂದ ಸದ್ದಾಗದ ಹಾಗೆ ಮುಚ್ಚಿದೆ. ಜೋರಾಗಿ ಮುಚ್ಚು, ಇಲ್ಲಿ ಯಾರೂ ಬೆಚ್ಚುವುದಿಲ್ಲ ಎಂದಳು ಅವ್ವ.

ನಾಡಿದ್ದು ಅವಳನ್ನು ಕರೆದುಕೊಂಡು ಬರುತ್ತೇನೆ, ಕಣ್ಣು ತೋರಿಸಬೇಕು. ನಿಮ್ಮ ಮನೆಯಲ್ಲೇ ಇಳಿಯುತ್ತೇವೆ.

ನಿಮ್ಮ ತಮ್ಮ,
ಯತ್ತಪ್ಪ